ಸ್ಟಿಕ್ಕರ್ ಕಿತ್ತ ಮೂಗುಮುರುಕಿ

“ಇಲಿಗೆ ಕರುಳು ಊದಿದ್ರೆ ನಿನಗೇನಮ್ಮಾ? ನನ್ನ ಫ್ರೆಂಡ್ ಅಮ್ಮ ಡಾಕ್ಟರ್. ಮನುಷ್ಯರನ್ನ ನೋಡ್ತಾರೆ!”

ಅಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. “ಮೊಣಕಾಲು ತರಚಿದ್ರೆ ಊದುತ್ತೆ, ನಾಲ್ಕು ದಿನಕ್ಕೆ ಇಳಿಯುತ್ತೆ. ಒಳಗಿನ ಊತ ಇಳೀದೆ ವರ್ಷಗಟ್ಟಲೆ ಉಳಿದ್ರೆ, ಕೆಲವೊಮ್ಮೆ ಅಲ್ಲೇ ಕ್ಯಾನ್ಸರ್ ಹುಟ್ಟುತ್ತೆ. ಊತ ಇಳಿಸಿದ್ರೆ ಅದನ್ನ ತಡೀಬಹುದಾ ಅಂತ ನೋಡ್ತಿದೀವಿ.”

“ಆರು ವರ್ಷದಿಂದ ನೋಡ್ತಾನೇ ಇದೀಯ!”

ಹೀಗೆ ಎಲ್ಲದಕ್ಕೂ ಮೂಗು ಮುರಿಯುವ ಐದನೇ ಕ್ಲಾಸಿನ ಈ ಮಹಾರಾಣಿಗೆ ಮನೆಯಲ್ಲಿ ಮೂಗುಮುರುಕಿ ಅಂತಲೇ ಹೆಸರು. ಶಾಲೆಗೆ ರಜೆ ಇತ್ತೆಂದು ಅಮ್ಮನ ಲ್ಯಾಬಿಗೆ ಬಂದಿದ್ದಳು. ಬಂದಾಗಿನಿಂದ ಕುರ್ಚಿ ಸರಿಯಿಲ್ಲ, ವಾಸನೆ ಸರಿಯಿಲ್ಲ, ಅಮ್ಮನ ಕೆಲಸವಂತೂ ಸರಿಯೇ ಇಲ್ಲ.

ಫೋನ್ ಬಂತೆಂದು ಅಮ್ಮ ಹೊರಗೆ ಹೋದಳು. ಮೇಜಿನ ಮೇಲೆ ಇಲಿ ಕರುಳಿನ ತೆಳು ಚೂರುಗಳನ್ನು ಅಂಟಿಸಿದ ಗಾಜಿನ ಸ್ಲೈಡುಗಳ ಪೆಟ್ಟಿಗೆ ಇತ್ತು. ಪ್ರತಿ ಸ್ಲೈಡಿನ ಬರಹದ ಮೇಲೂ ಬಿಳಿ ಸ್ಟಿಕ್ಕರ್. ಮೂಗುಮುರುಕಿ ಒಂದನ್ನು ಕಿತ್ತಳು. ಕೆಳಗೆ ‘ಔಷಧಿ’ ಅಂತಿತ್ತು. ಇನ್ನೊಂದರಲ್ಲಿ ‘ಬರೀ ನೀರು’.

ಅಯ್ಯೋ, ಇಷ್ಟೇನಾ! ಇಷ್ಟು ಓದಿದವರಿಗೆ ಸ್ಟಿಕ್ಕರ್ ಕೀಳೋಕೂ ಬುದ್ಧಿ ಇಲ್ಲವಾ? ಅವಳು ಎಲ್ಲವನ್ನೂ ಕಿತ್ತು ಎರಡು ಸಾಲು ಜೋಡಿಸಿದಳು.

“ಅಮ್ಮಾ, ಬಲಗಡೆದೆಲ್ಲಾ ಔಷಧಿ ಕೊಟ್ಟ ಇಲಿಗಳದ್ದು! ನಿನ್ನ ಕೆಲಸ ಈಸಿ ಮಾಡ್ಬಿಟ್ಟೆ.”

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತು. “ಯಾವುದು ಔಷಧಿದು ಅಂತ ಗೊತ್ತಿಲ್ಲದೆ, ಪೆಟ್ಟಿಗೆ ಪೂರ್ತಿ ಊತದ ಕಣಗಳನ್ನ ಒಬ್ಬರೇ ಎಣಿಸ್ಬೇಕು. ಇನ್ನು ನಾನು ಎಣಿಸೋ ಹಾಗಿಲ್ಲ. ಮೂರು ವಾರದ ಕೆಲಸ ಹೋಯ್ತು.”

“ನೋಡಿಲ್ಲ ಅಂದ್ಕೊಂಡು ಎಣಿಸು. ಯಾರಿಗೆ ಗೊತ್ತಾಗುತ್ತೆ?”

“ಈ ಔಷಧಿ ಗೆಲ್ಲಲಿ ಅಂತ ನನಗೆಷ್ಟು ಆಸೆ ಗೊತ್ತಾ? ಔಷಧಿದು ಅಂತ ತಿಳಿದ್ರೆ, ಊತ ಇದ್ರೂ ನನ್ನ ಕಣ್ಣಿಗೆ ಕಮ್ಮಿ ಕಾಣಿಸುತ್ತೆ. ಬೇಕಂತ ಸುಳ್ಳು ಹೇಳಲ್ಲ ಪುಟ್ಟಾ. ಆದ್ರೂ ಸುಳ್ಳಾಗುತ್ತೆ.”

“ಅಷ್ಟಕ್ಕೆಲ್ಲಾ…” ಅಂತ ಮೂಗುಮುರುಕಿ ಮುಖ ತಿರುಗಿಸಿದಳು. ಆದರೆ ಅಮ್ಮನ ಕಣ್ಣು ಒದ್ದೆಯಾಗಿದ್ದು ಕಂಡು, ಕಿತ್ತೆಸೆದ ಸ್ಟಿಕ್ಕರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಸ್ಲೈಡುಗಳನ್ನು ಕಲೆಸಿ, ಹೊಸ ಸ್ಟಿಕ್ಕರ್ ಅಂಟಿಸಿ ಆಯಿತು. ಅಮ್ಮನ ಜೊತೆ ಕೆಲಸ ಮಾಡುವ, ಒಳಗಿನ ಬರಹ ನೋಡಿರದ ಅಂಕಲ್ ಮೊದಲಿನಿಂದ ಎಣಿಸಲು ಕೂತರು. ಅಮ್ಮ ಬೇರೆ ರೂಮಿಗೆ ಹೋದಳು.

ಅಂಕಲ್ ಕೈಗೆ ಬಂದದ್ದು ಮೂಲೆ ಒಡೆದಿದ್ದ ಸ್ಲೈಡ್. ಮೂಗುಮುರುಕಿಗೆ ಅದರ ಗುರುತು ಸಿಕ್ಕಿಬಿಟ್ಟಿತು. ಅದು ತಾನೇ ಬಲಗಡೆ ಜೋಡಿಸಿದ್ದು, ಔಷಧಿಯದು!

“ಇದ್ರಲ್ಲಿ ಊತ ಜಾಸ್ತೀನೇ ಇದೆ,” ಅಂತ ಅಂಕಲ್ ಗೊಣಗಿದರು.

ಇಲ್ಲ ಅಂಕಲ್, ಸರಿಯಾಗಿ ನೋಡಿ, ಕಮ್ಮಿ ಇರುತ್ತೆ! ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳು ತುಟಿ ಕಚ್ಚಿ ಹಿಡಿದಳು. ಅಂಕಲ್ ತಿರುಗಿ ತನ್ನ ಮುಖ ನೋಡಿ ಗುಟ್ಟು ತಿಳಿದುಕೊಳ್ಳುವ ಮೊದಲೇ ಎದ್ದು, ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.