ಗುಡಿಯವರೆಗಿನ ಗಾಳಿ

ಆ ಬೆಳಿಗ್ಗೆ ಫರೀದಾಬಾದಿನ ಮೇಲೆ ಮಂಜು ಹೇಗೆ ಕವಿದಿತ್ತೆಂದರೆ, ಎದುರು ಮನೆಯ ಬಾಲ್ಕನಿಯಲ್ಲಿ ಹರವಿದ್ದ ರಜಾಯಿ ಕೂಡ ಕಾಣುತ್ತಿರಲಿಲ್ಲ. ಬೀದಿದೀಪಗಳು ಇನ್ನೂ ಆರಿರಲಿಲ್ಲ. ಹಾಲಿಗೆ ಬಿದ್ದ ಕೇಸರಿ ಎಸಳಿನಂತೆ ಅವುಗಳ ಸುತ್ತ ಒಂದಿಷ್ಟು ಬಣ್ಣ ಮಾತ್ರ ಹಬ್ಬಿತ್ತು. ಲೋಕವೆಲ್ಲ ಇನ್ನೂ ದೇವರ ಮನಸ್ಸಿನಲ್ಲೇ ಇದೆ, ಹುಟ್ಟಿಲ್ಲ ಎನ್ನುವಂಥ ಬೆಳಗು.

ಅಂಥ ಬೆಳಗಿನಲ್ಲಿ ಮೆಟ್ಟಿಲ ಕೆಳಗೆ ಹರ್ಷಿಣಿ ಕಲ್ಲಾಗಿ ನಿಂತಿದ್ದಳು. ಕೈಯಲ್ಲೊಂದು ಪುಟ್ಟ ಸ್ಟೀಲ್ ಡಬ್ಬಿ. ಎದುರಿಗೆ ಬರೀ ಗೋಡೆ.

ಆ ಗೋಡೆಗೆ ಒರಗಿರಬೇಕಿದ್ದ ಅಪ್ಪನ ಕಪ್ಪು ಸೈಕಲ್ ಇರಲಿಲ್ಲ.

ಅಪ್ಪನೂ ಇರಲಿಲ್ಲ!

"ಹರ್ಷಿಣಿ ಅವರೇ... ಏನಾಯ್ತು?"

ಮೇಲಿನ ಮಹಡಿಯಿಂದ ಇಳಿಯುತ್ತಿದ್ದ ಪೃಥ್ವಿ ಅರ್ಧ ಮೆಟ್ಟಿಲಲ್ಲೇ ನಿಂತ. ಗದಗದ ಕಡೆಯವನು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಕಳೆದ ಮಳೆಗಾಲದಲ್ಲಿ ಬಾಡಿಗೆಗೆ ಬಂದವನು.

"ಅಪ್ಪ ಹೋಗಿಬಿಟ್ಟಿದ್ದಾರೆ! ರಾತ್ರಿಯೆಲ್ಲ ಅವರಿಗೆ ನಿದ್ದೆ ಇರಲಿಲ್ಲ, ನನಗೂ ಇರಲಿಲ್ಲ. ಬೆಳಗಿನ ಜಾವ ಕಣ್ಣು ಹತ್ತಿಬಿಡ್ತು... ಆದ್ರೆ ಹೇಗೆ ಹೋದ್ರು? ಎರಡು ದಿನದಿಂದ ಆ ಹಳೇ ಟ್ಯೂಬಲ್ಲಿ ಗಾಳೀನೇ ನಿಲ್ತಿರಲಿಲ್ವಲ್ಲ!"

ಪೃಥ್ವಿಯ ಮುಖ ಬಿಳಿಚಿತು.

"ನಿನ್ನೆ ಸಂಜೆ... ನಾನು ಟ್ಯೂಬ್ ಬದಲಾಯಿಸಿದೆ."

"ಏನಂದ್ರಿ?"

"ಹರ್ಷಿಣಿ, ಅವರು ದೂರ ಹೋಗಿರಲ್ಲ. ಆ ಟ್ಯೂಬು..."

"ಟ್ಯೂಬಿನ ಮಾತೆತ್ತಬೇಡಿ!" ಅವಳ ದನಿ ಮೆಟ್ಟಿಲುಗಳಲ್ಲಿ ಪ್ರತಿಧ್ವನಿಸಿತು. "ಯಾರು ಕೇಳಿದ್ರು ನಿಮ್ಮನ್ನ? ನನ್ನ ಅಪ್ಪನ್ನ ಲಾರಿಗಳ ಬಾಯಿಗೆ ಕಳಿಸಿಬಿಟ್ರಲ್ಲ... ಅವರಿಗೆ ಏನಾದ್ರೂ ಆದ್ರೆ ಈ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ!"

ಅವನ ತುಟಿ ಅಲುಗಿತು. ಆದರೆ ಅವಳು ನಿಲ್ಲಲಿಲ್ಲ. ಡಬ್ಬಿಯನ್ನು ಸ್ವೆಟರಿನ ಜೇಬಿಗೆ ತುರುಕಿಕೊಂಡು, ಮೊಬೈಲನ್ನೂ ಮರೆತು, ಮಂಜಿನೊಳಕ್ಕೆ ಓಡಿದಳು.

"ಗುಡಿ ಕಡೆ ಹೋಗಿ! ಹೆದ್ದಾರಿ ಕಡೆ ಅಲ್ಲ!" ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತು.

ಕೇಳಿಸಿದ್ದಕ್ಕೇ ಅವಳು ಹೆದ್ದಾರಿಯ ಕಡೆ ತಿರುಗಿದಳು.

ಅವಳ ತಂದೆ ಮಲ್ಲಿಕಾರ್ಜುನ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ದಿನಾ ಬೆಳಿಗ್ಗೆ ಸೈಕಲ್ ಏರಿ ಮೊದಲು ಶಿವನ ಗುಡಿ, ಆಮೇಲೆ ಸ್ಟೇಷನ್, ಅಲ್ಲಿಂದ ಟ್ರೇನು. ಅವರ ಆಯುಷ್ಯವೆಲ್ಲ ಹೀಗೇ ಕಳೆದಿತ್ತು. ಹೆಂಡತಿ ದೇವಕಿ ಇದ್ದಷ್ಟು ಕಾಲ ಗುಡಿಯವರೆಗೆ ಹಿಂದಿನ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದಳು. ಅವಳು ಹೋದಳು. ನಿವೃತ್ತಿಯಾಯಿತು. ಮೆಲ್ಲಗೆ ಮರೆವು ಬಂತು. ಊರು ಮರೆತುಹೋಯಿತು, ಮನೆ ನಂಬರು ಮರೆತುಹೋಯಿತು. ಆದರೆ ಬೆಳಿಗ್ಗೆ ಸೈಕಲ್ ಏರಬೇಕು ಅನ್ನುವುದನ್ನು ಮಾತ್ರ ಕಾಲುಗಳು ಮರೆಯಲೇ ಇಲ್ಲ.

ಒಮ್ಮೆ ಹಾಗೆ ಹೋದವರು ಹೆದ್ದಾರಿಯ ನಡುವೆ, ಎರಡು ಲಾರಿಗಳ ಮಧ್ಯೆ ಸಿಕ್ಕಿದ್ದರು. ಅವತ್ತು ಉಳಿಸಿದ್ದು ಶಿವನೇ.

ಮರುದಿನ ಹರ್ಷಿಣಿ ಸೈಕಲ್ಲಿಗೆ ಬೀಗ ಜಡಿದಳು. ಆ ಬೀಗವನ್ನು ಹಿಡಿದುಕೊಂಡು ಅಪ್ಪ ಮಗುವಿನಂತೆ ಅತ್ತರು. "ನಾನೇನು ತಪ್ಪು ಮಾಡಿದೆ ಅಂತ ಕಟ್ಟಿಹಾಕಿದ್ದೀರಿ?" ಅಂದರು. ಬೀಗ ತೆಗೆದಳು. ಬದಲಿಗೆ, ಅವರು ಏಳುವ ಮೊದಲೇ ಇಳಿದು ಬಂದು, ಹಿಂದಿನ ಚಕ್ರದ ವಾಲ್ವಿನಿಂದ ಪುಟ್ಟ ಪಿನ್ನು ಕಳಚಿ ಈ ಡಬ್ಬಿಯಲ್ಲಿ ಹಾಕಿಕೊಳ್ಳತೊಡಗಿದಳು. ಪಿನ್ನಿಲ್ಲದ ಟ್ಯೂಬಿನಲ್ಲಿ ಎಷ್ಟು ಪಂಪು ಹೊಡೆದರೂ ಗಾಳಿ ನಿಲ್ಲದು. ಅಪ್ಪ ಹೊಡೆಯುವರು, ದಣಿಯುವರು, "ಇವತ್ತೂ ಪಂಕ್ಚರ್ ಕಣಮ್ಮ, ಶಿವನಿಚ್ಛೆ" ಎಂದು ಮೇಲೆ ಬಂದು ಕಾಫಿ ಕುಡಿಯುವರು. ಬೀಗವನ್ನು ಒಪ್ಪದ ಮನಸ್ಸು ಪಂಕ್ಚರನ್ನು ಒಪ್ಪುತ್ತಿತ್ತು!

ಆಗ ಬಂದವನು ಪೃಥ್ವಿ. ಸಂಜೆ ಕಾರ್ಖಾನೆಯಿಂದ ಬಂದವನೇ ತನ್ನ ಡಬ್ಬದಿಂದ ಹೊಸ ಪಿನ್ನು ತೆಗೆದು ಹಾಕುವನು. ಅಪ್ಪ ಖುಷಿಯಿಂದ ಪಂಪು ಹೊಡೆದು ಅಂಗಳದಲ್ಲೇ ಒಂದು ಸುತ್ತು ಹೊಡೆಯುವರು. ಬೆಳಗಾಗುವಷ್ಟರಲ್ಲಿ ಆ ಪಿನ್ನೂ ಹರ್ಷಿಣಿಯ ಡಬ್ಬಿಗೆ.

"ನಮ್ಮ ಬಿಲ್ಡಿಂಗಲ್ಲಿ ಒಬ್ಬ ವಿಚಿತ್ರ ಕಳ್ಳ ಇದ್ದಾನೆ ನೋಡಿ," ಎಂದಿದ್ದ ಅವನು, ಮೊದಲ ಸಲ ಅವರ ಮನೆಗೆ ಕಾಫಿಗೆ ಬಂದಾಗ. "ಸೈಕಲ್ ಬಿಟ್ಟು ಪಿನ್ನು ಮಾತ್ರ ಕದೀತಾನೆ!"

ಅವಳಿಗೆ ಕಾಫಿ ನೆತ್ತಿಗೇರಿತ್ತು.

ಅಪ್ಪನ ಸಂಕಟ ಪರರ ಎದುರು ಬಿಚ್ಚಿಡಲು ಅವಳಿಗೆ ನಾಚಿಕೆ. ಹೇಳಲಿಲ್ಲ. ಆದರೆ ಕಾಫಿ ಮತ್ತೆ ಮತ್ತೆ ಆಯಿತು. ದೀಪಾವಳಿಯ ಸಂಜೆ ತಾರಸಿಯಲ್ಲಿ ಹಣತೆ ಇಡುತ್ತಾ ಅವನು ಕೇಳಿಯೇಬಿಟ್ಟ. "ಇನ್ನು ಮುಂದಿನ ಹಬ್ಬಗಳಲ್ಲೂ ನಿಮ್ಮ ಜೊತೆ ದೀಪ ಹಚ್ಚೋ ಆಸೆ ನನಗೆ. ನಿಮಗೆ?"

ಅವಳು ಉತ್ತರ ಕೊಡಲಿಲ್ಲ. 'ನನ್ನ ಕೈ ಹಿಡಿದವನಿಗೆ ಸಿಗೋದು ಈ ಕಾವಲು ಕೆಲಸವೇ ಅಲ್ವಾ...' ಎಂದು ಒಳಗೇ ಕುಸಿದಿದ್ದಳು. ಅವನು ಮತ್ತೆ ಕೇಳಿರಲಿಲ್ಲ. ಉತ್ತರ ಹಾಗೇ ಬಾಕಿ ಉಳಿದಿತ್ತು.

ಮತ್ತೆ ಈಗ... ಈ ಮಂಜು.

ಹೆದ್ದಾರಿ ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಮಾತ್ರ ಇತ್ತು. ಲಾರಿಗಳ ಗುಡುಗು ಎಲ್ಲೋ ಹುಟ್ಟಿ, ಮೈಮೇಲೆ ಬಂದಂತಾಗಿ, ಎಲ್ಲೋ ಅಡಗುತ್ತಿತ್ತು.

"ಅಪ್ಪಾ! ಅಪ್ಪಾ..."

ಅವಳ ಕೂಗನ್ನು ಮಂಜು ನುಂಗಿತು. ಒಂದು ಆಟೋ ಪಕ್ಕದಲ್ಲಿ ನಿಂತಿತು.

"ಭಯ್ಯಾ, ಒಬ್ರು ವಯಸ್ಸಾದವರು... ಕಪ್ಪು ಸೈಕಲ್... ನೋಡಿದ್ರಾ?"

"ದೀದಿ, ನನಗೆ ನನ್ನ ಆಟೋದ ಮುಂದಿನ ಚಕ್ರವೇ ಕಾಣ್ತಿಲ್ಲ," ಎಂದ ಚಾಲಕ ಹಿಂದಿಯಲ್ಲಿ. ಮುಂದಕ್ಕೆ ಕೈ ತೋರಿಸಿದ. "ಅಲ್ಲಿ ಮುಂದೆ ಜನ ಸೇರಿದ್ದಾರೆ. ಯಾವುದೋ ಸೈಕಲ್ಲಿಗೆ ಗಾಡಿ ತಗುಲಿದೆಯಂತೆ."



'ಶಿವನೇ... ಬೇಡ. ನಾನು ದಿನಾ ಅವರಿಗೆ ಮೋಸ ಮಾಡಿದೆ, ನಿಜ. ಪಿನ್ನು ಕದ್ದು, ಪಂಕ್ಚರ್ ಅಂತ ನಂಬಿಸಿದೆ. ಆ ಶಿಕ್ಷೆ ನನಗಿರಲಿ. ಅವರಿಗೆ ಬೇಡ!'

ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಜನರ ಬೆನ್ನುಗಳನ್ನು ಸರಿಸಿದಳು. ನೆಲದ ಮೇಲೆ ಒಂದು ಕಪ್ಪು ಸೈಕಲ್... ಹಿಂದಿನ ಚಕ್ರ ಇಂಗ್ಲಿಷಿನ ಎಂಟರಂತೆ ತಿರುಚಿಕೊಂಡಿತ್ತು. ಡಾಂಬರಿನ ಮೇಲೆಲ್ಲ ಬೆಳ್ಳಗೆ ಏನೋ ಹರಿದಿತ್ತು.

ಹಾಲು!

ಪಕ್ಕದಲ್ಲಿ ಹಾಲಿನವನೊಬ್ಬ ತರಚಿದ ಮೊಣಕಾಲು ಹಿಡಿದು ಕೂತು, ಓಡಿಹೋದ ಕಾರಿನವನ ವಂಶವನ್ನೆಲ್ಲ ಬೈಯುತ್ತಿದ್ದ. ಜನ ಅವನನ್ನು ಸಮಾಧಾನ ಮಾಡುತ್ತಿದ್ದರು.

ಅಪ್ಪ ಅಲ್ಲ... ಅಪ್ಪ ಅಲ್ಲ!

ಅವಳು ಅಲ್ಲೇ ಕುಸಿದು ಕೂತಳು. ಅಳು ಬಂತು. ಬೇರೆಯವರ ನೋವು ಕಂಡು ನೆಮ್ಮದಿಯ ಉಸಿರು ಬಿಟ್ಟೆನಲ್ಲಾ ಎಂದು ಇನ್ನಷ್ಟು ಅಳು ಬಂತು. ತನ್ನ ಶಾಲು ತೆಗೆದು ಹಾಲಿನವನ ಮೊಣಕಾಲಿಗೆ ಕಟ್ಟಿದಳು. ಆಗ ಏಕೋ ಮನಸ್ಸು ಒಂದು ಕ್ಷಣ ತಿಳಿಯಾಯಿತು. ಆ ತಿಳಿಯಲ್ಲಿ ಪೃಥ್ವಿಯ ಕೂಗು ಮತ್ತೆ ಕೇಳಿಸಿತು.

ಗುಡಿ ಕಡೆ ಹೋಗಿ...

'ಅಷ್ಟು ಖಚಿತವಾಗಿ ಹೇಗೆ ಹೇಳಿದರು?'

ಹಿಂದೆಯೇ ಬಂದು ನಿಂತಿದ್ದ ಅದೇ ಆಟೋದಲ್ಲಿ ಹಿಂದಿರುಗಿದಳು. ಗುಡಿಯ ಬೀದಿಯ ಹತ್ತಿರ ಇಳಿದಾಗ ಏನೂ ಕಾಣಲಿಲ್ಲ. ಆದರೆ ಮಂಜಿನ ಆಚೆಯಿಂದ ಒಂದು ಸದ್ದು ಬಂತು.

ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್...

ಆ ಗಂಟೆಯನ್ನು ಅವಳು ಸಾವಿರ ಸೈಕಲ್ಲುಗಳ ನಡುವೆಯೂ ಗುರುತಿಸಬಲ್ಲಳು. ಅಮ್ಮ ಕ್ಯಾರಿಯರ್ ಮೇಲೆ ಕೂತಿದ್ದಾಗ ಅಪ್ಪ ಸುಮ್ಮಸುಮ್ಮನೆ ಬಾರಿಸುತ್ತಿದ್ದ ಗಂಟೆ!

ಸದ್ದನ್ನೇ ಹಿಡಿದು ನಡೆದಳು. ಗುಡಿ ದಾಟಿ ತುಸು ಮುಂದೆ, ಅರಳಿಮರದ ಕೆಳಗಿನ ಪಂಕ್ಚರ್ ಅಂಗಡಿ. ಬೆಂಚಿನ ಮೇಲೆ ಅಪ್ಪ! ಹಣೆಯಲ್ಲಿ ಹೊಸ ವಿಭೂತಿ, ಕೈಯಲ್ಲಿ ಚಹಾ, ಹೆಗಲ ಮೇಲೆ ಪೃಥ್ವಿಯ ಜಾಕೆಟ್. ಪೃಥ್ವಿ ತೆಳು ಅಂಗಿಯಲ್ಲಿ ನಡುಗುತ್ತಾ, ಸೈಕಲ್ಲಿನ ಗಂಟೆಯನ್ನು ಬಿಡದೆ ಬಾರಿಸುತ್ತಿದ್ದ.

"ಅಪ್ಪಾ!"

"ಬಂದ್ಯಾ ಹರ್ಷಿ? ಇವತ್ತೂ ಪಂಕ್ಚರ್ ಕಣಮ್ಮ," ಎಂದರು ಅಪ್ಪ ಪ್ರಶಾಂತವಾಗಿ. "ಆದ್ರೆ ಶಿವನ ದರ್ಶನ ಆಯ್ತು. ಆಫೀಸಿಗೆ ಹೊರಟೆ, ಇಲ್ಲಿಗೆ ಬರೋಷ್ಟರಲ್ಲಿ ಗಾಳಿ ಹೋಯ್ತು ನೋಡು. ನಿಮ್ಮಮ್ಮ ಗುಡಿಯೊಳಗಿದ್ದಾಳೆ, ಪ್ರಸಾದ ತಗೊಂಡು ಬರ್ತಾಳೆ."

ಅವಳು ಅಪ್ಪನ ಮಡಿಲಿಗೆ ಮುಖ ಒತ್ತಿ ಬಿಕ್ಕಿದಳು. ಅವರು ತಲೆ ಸವರಿದರು. ಯಾಕೆ ಅಳುತ್ತಿದ್ದಾಳೆಂದು ಅವರಿಗೆ ತಿಳಿಯಲಿಲ್ಲ. ಆದರೂ ಸವರಿದರು.

ಅಷ್ಟರಲ್ಲಿ ಅಂಗಡಿಯವನು ಟೈರಿನಿಂದ ಟ್ಯೂಬನ್ನು ಹೊರಗೆಳೆದ. ಎಳೆದವನೇ ಹಣೆ ಬಡಿದುಕೊಂಡ.

"ಅರೆ ಭಯ್ಯಾ! ಇದನ್ಯಾರು ಹಾಕಿದ್ದು? ಟ್ಯೂಬಿಗಿಂತ ತೇಪೆಯೇ ಜಾಸ್ತಿ ಇದೆಯಲ್ಲ! ನೀರಲ್ಲಿ ಮುಳುಗಿಸಿದರೆ ಮೀನು ಉಸಿರಾಡಿದ ಹಾಗೆ ಗುಳ್ಳೆ ಬರುತ್ತೆ. ಯಾವ ಬುದ್ಧಿವಂತ ಆರಿಸಿದ್ದು ಇದನ್ನ?"

"ನಾನೇ," ಎಂದ ಪೃಥ್ವಿ ಮೆಲ್ಲಗೆ.

ಹರ್ಷಿಣಿ ತಲೆಯೆತ್ತಿದಳು.

"ಹೊಸ ಟ್ಯೂಬ್... ಅಲ್ವಾ ಇದು?"

"ಅಲ್ಲ." ಅವನು ನೆಲ ನೋಡುತ್ತಾ ಹೇಳಿದ. "ಹೊಸದು ಹಾಕಿದ್ರೆ ಅಂಕಲ್ ಹೆದ್ದಾರಿವರೆಗೂ ಹೋಗ್ತಾರೆ. ತೀರಾ ಹಾಳಾದ್ದು ಹಾಕಿದ್ರೆ ಗಾಳೀನೇ ತುಂಬಲ್ಲ, ಸಂಜೆ ಅವರ ಮುಖ ನೋಡೋಕಾಗಲ್ಲ. ಅಂಗಡಿ ಅಂಗಡಿ ಅಲೆದು, ಎಸೆದ ಟ್ಯೂಬುಗಳನ್ನೆಲ್ಲ ಬಕೆಟ್ಟಿನ ನೀರಲ್ಲಿ ಅದ್ದಿ ಅದ್ದಿ ನೋಡಿದೆ. ಗುಡಿವರೆಗೆ ಹೋಗಬೇಕು, ಅದರಾಚೆ ಹೋಗಬಾರದು... ಅಂಥದ್ದು ಇದೊಂದೇ ಸಿಕ್ತು. ನಾನೇ ಗಾಳಿ ತುಂಬಿಸಿ ಓಡಿಸಿ ನೋಡಿದ್ದೆ. ಈ ಮರದ ಹತ್ತಿರ ಬರೋಷ್ಟರಲ್ಲಿ ಗಾಳಿ ಮುಗಿಯುತ್ತೆ."

"ಆದರೆ... ಯಾಕೆ? ದಿನಾ ಬೆಳಿಗ್ಗೆ ನಾನು..."

"ಗೊತ್ತು. ಒಂದು ದಿನ ಬೆಳಗಿನ ಜಾವ ನಿಮ್ಮನ್ನ ನೋಡಿದೆ. ಪಿನ್ನು ತೆಗೆದು, ಸೀಟಿಗೆ ಹಣೆ ಹಚ್ಚಿ ಕ್ಷಮೆ ಕೇಳ್ತಿದ್ರಿ." ಅವನ ಕಣ್ಣಲ್ಲೂ ನೀರಿತ್ತು. "ಪ್ರತಿದಿನ ನಿಮಗೇ ಮೊದಲು ಎಚ್ಚರ ಆಗಬೇಕು ಅಂದ್ರೆ ಹೇಗೆ? ಒಂದು ದಿನವಾದ್ರೂ ನಿಮಗೆ ಜೋರು ನಿದ್ದೆ ಬರಬಾರದಾ? ಆ ಒಂದು ದಿನಕ್ಕೆ ಅಂತ ಈ ಟ್ಯೂಬು, ಹರ್ಷಿಣಿ."

ಮಂಜಿನ ಹಿಂದೆ ಎಲ್ಲೋ ಗುಡಿಯ ಗಂಟೆ ಮೊಳಗಿತು.



"ನನಗೆ ಹೇಳಬೇಕಿತ್ತು ನೀವು."

"ಹೇಳಬೇಕಿತ್ತು. ಇವತ್ತು ಹೇಳೋಣ ಅಂತಲೇ ಇಳಿದು ಬರ್ತಿದ್ದೆ. ತಡ ಮಾಡಿದೆ. ಕ್ಷಮಿಸಿ."

"ನಾನು ಏನೇನೋ ಅಂದೆ... ಈ ಜನ್ಮದಲ್ಲಿ ಮುಖ ನೋಡಲ್ಲ ಅಂದೆ."

"ಈಗ ನೋಡ್ತಿದ್ದೀರಲ್ಲ," ಎಂದು ನಡುಗುತ್ತಲೇ ನಕ್ಕ ಅವನು.

ಅಪ್ಪ ಚಹಾ ಮುಗಿಸಿ ಗ್ಲಾಸನ್ನು ಬೆಂಚಿನ ಮೇಲಿಟ್ಟರು. ಟ್ಯೂಬನ್ನೊಮ್ಮೆ, ಪೃಥ್ವಿಯನ್ನೊಮ್ಮೆ ನೋಡಿದರು.

"ಈ ಹುಡುಗನಿಗೆ ರಿಪೇರಿ ಕೆಲಸ ಅಷ್ಟಕ್ಕಷ್ಟೇ ಕಣೇ ಹರ್ಷಿ. ಆದ್ರೆ ಕರೆದ ತಕ್ಷಣ ಬರ್ತಾನೆ. ಇರಲಿ ಬಿಡು, ಇಟ್ಕೊಳ್ಳೋಣ."

ಪೃಥ್ವಿ ಕಿವಿಯವರೆಗೂ ಕೆಂಪಾದ. ಹರ್ಷಿಣಿ ಅಳುತ್ತಲೇ ನಕ್ಕಳು. ಎಷ್ಟೋ ತಿಂಗಳುಗಳ ಮೇಲೆ ಬಂದ ನಗು ಅದು!

"ಭಯ್ಯಾ, ಹೊಸ ಟ್ಯೂಬ್ ಹಾಕಲಾ?" ಅಂಗಡಿಯವನು ಕೇಳಿದ. "ಒಳ್ಳೇದಿದೆ. ವರ್ಷಗಟ್ಟಲೆ ತಿರುಗಿ ನೋಡೋ ಹಾಗಿಲ್ಲ."

"ಬೇಡ," ಹರ್ಷಿಣಿಯೇ ಹೇಳಿದಳು. "ಅದನ್ನೇ ಹಾಕಿ. ಅದೇ ಸರಿಯಾದದ್ದು."

ಅಂಗಡಿಯವನು ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ನೋಡಿ, ಟ್ಯೂಬನ್ನು ಮತ್ತೆ ಟೈರಿನೊಳಗೆ ಕೂರಿಸತೊಡಗಿದ.

"ನಾಳೆಯಿಂದ ಬೆಳಿಗ್ಗೆ ಅಪ್ಪ ಗುಡಿಗೆ ಹೋಗಲಿ," ಎಂದಳು ಅವಳು. "ಆದ್ರೆ ಪಕ್ಕದಲ್ಲಿ ಯಾರಾದ್ರೂ ಹೋಗಬೇಕು. ಒಂದು ದಿನ ನಾನು ಹೋಗ್ತೀನಿ. ಒಂದು ದಿನ..."

"ಒಂದು ದಿನ?"

"ದೀಪಾವಳಿಗೆ ನೀವು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ."

ಅವನು ಉಸಿರು ಬಿಗಿಹಿಡಿದ.

ಅವಳು ಸ್ವೆಟರಿನ ಜೇಬಿಗೆ ಕೈ ಹಾಕಿ ಆ ಪುಟ್ಟ ಸ್ಟೀಲ್ ಡಬ್ಬಿಯನ್ನು ತೆಗೆದಳು. ಮುಚ್ಚಳ ತೆರೆದಳು. ಒಳಗೆ, ದಿನಾ ಸಂಜೆ ಅವನು ಹಾಕಿದ, ದಿನಾ ಬೆಳಿಗ್ಗೆ ಅವಳು ಕದ್ದ ಪಿನ್ನುಗಳೆಲ್ಲ ಒತ್ತಾಗಿ ಮಲಗಿದ್ದವು.

"ಇನ್ನು ಕದಿಯೋದು ಬೇಡ ನನಗೆ," ಎಂದಳು ಮೆಲ್ಲಗೆ. "ಒಬ್ಬಳೇ ಕಾಯೋದೂ ಬೇಡ."

ಚಳಿಗೆ ಮರಗಟ್ಟಿದ್ದ ಅವನ ಅಂಗೈಯನ್ನು ಬಿಡಿಸಿ, ಡಬ್ಬಿಯನ್ನು ಅದರಲ್ಲಿಟ್ಟು, ತನ್ನೆರಡೂ ಕೈಗಳಿಂದ ಅವನ ಬೆರಳುಗಳನ್ನು ಅದರ ಸುತ್ತ ಮುಚ್ಚಿದಳು.