ಮಾತಾಡದ ಖಾಲಾ

ಟಕ್... ಟಕ್... ಟಕ್!

ರಾತ್ರಿಯ ನಮಾಜು ಆಗಷ್ಟೇ ಮುಗಿದಿತ್ತು. ಕೋಟೆ ಸಂಗಿಯ ನಮ್ಮ ಬೀದಿಗೆ ಕರೆಂಟ್ ಇರಲಿಲ್ಲ. ಕತ್ತಲಾದ ಮೇಲೆ ಕಾಬೂಲಿನಲ್ಲಿ ಬಾಗಿಲು ಬಡಿಯುವವರು ಎರಡೇ ಬಗೆ. ಒಳಗೆ ಬರಲು ಬಂದವರು... ಇಲ್ಲವೇ ನಮ್ಮನ್ನು ಹೊರಗೆ ಎಳೆದೊಯ್ಯಲು ಬಂದವರು!

ಗೋಡೆಗೆ ಬೆನ್ನು ಹಚ್ಚಿ ನಿಂತೆ. ಕೈಯಲ್ಲಿ ಪ್ರೆಶರ್ ಕುಕ್ಕರಿನ ಮುಚ್ಚಳ. ನನ್ನ ಬಳಿ ಇದ್ದ ಆಯುಧ ಅದೊಂದೇ.

ಚಿಲಕ ಸರಿಸಿದೆ.

ಹೊಸಿಲಿನ ಆಚೆ ನೀಲಿ ಬುರ್ಖಾ ತೊಟ್ಟ ಹೆಂಗಸು. ಒಬ್ಬಳೇ! ಬೀದಿಯ ತುದಿಯಲ್ಲಿ ಯಾರೋ ಓಡಿಹೋಗುವ ಸದ್ದು...

"ಯಾರಮ್ಮಾ?"

ಉತ್ತರವಿಲ್ಲ.

"ಜೊತೆಗೆ ಗಂಡಸರು ಯಾರೂ ಇಲ್ವಾ? ನೋಡಿದವರು ನಮ್ಮಿಬ್ಬರನ್ನೂ ಹೊತ್ಕೊಂಡು ಹೋಗ್ತಾರೆ!"

ಉತ್ತರವಿಲ್ಲ.

ಹೆದರಿದ್ದಾಳೆ, ಪಾಪ, ಎಂದುಕೊಂಡೆ. ಹಸಿರು ಚಹಾ ತಂದು ಅವಳ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಮುಖ ಬೇರೆ ಕಡೆ ತಿರುಗಿಸಿಕೊಂಡು ನನ್ನ ವಿಷಯ ಹೇಳಿದೆ. ಹೆಸರು ಬರ್ಯಾಲೈ. ಹಿಂದೆ ಪೊಲೀಸ್ ಪತ್ತೇದಾರ, ಈಗ ಬಾಡಿಗೆ ಮಾಮಾ. ಗಂಡಸು ಜೊತೆಗಿಲ್ಲದೆ ಹೆಂಗಸು ಊರು ದಾಟುವಂತಿಲ್ಲ. ಗಂಡಸರೇ ಉಳಿಯದ ಮನೆಗಳಾದರೋ ಇಲ್ಲಿ ಬೀದಿಗೆ ಹತ್ತು. ಅಂಥವರಿಗೆ ನಾನು ಒಂದು ದಿನದ ಮಟ್ಟಿಗೆ ಸೋದರಮಾವ. ಆಸ್ಪತ್ರೆ, ಬಜಾರು, ಬಸ್ ನಿಲ್ದಾಣ, ಎಲ್ಲಿಗಾದರೂ ಸರಿ!

ಹತ್ತು ನಿಮಿಷ ಮಾತಾಡಿರಬೇಕು. ಅಷ್ಟು ತಾಳ್ಮೆಯಿಂದ ನನ್ನ ಮಾತು ಕೇಳಿದ ಮೊದಲ ಹೆಂಗಸು ಅವಳು.

ಆಗ ಗಾಳಿ ಬೀಸಿತು.

ಅವಳು ಮರ ಉರುಳಿದಂತೆ ನೇರವಾಗಿ ನನ್ನ ಮೇಲೆ ಬಿದ್ದಳು!

ಹಣೆಗೆ ಹಣೆ ಬಡಿಯಿತು. ಠಣ್!

ಪ್ಲಾಸ್ಟಿಕ್!

ಬಟ್ಟೆ ಅಂಗಡಿಯ ಗೊಂಬೆ!

ಒಳಗೆಳೆದು, ಬಾಗಿಲು ಹಾಕಿ, ಲಾಟೀನು ಹಿಡಿದು ಪರೀಕ್ಷಿಸಿದೆ. ಹಳೆಯ ಕಸುಬು, ಕೈ ತಾನಾಗಿಯೇ ನಡೆಯಿತು. ಬುರ್ಖಾದ ಕಣ್ಣಿನ ಜಾಲರಿ ಗೊಂಬೆಯ ಹಿಂದಲೆಗೆ ಬಂದಿತ್ತು. ಸೊಂಟಕ್ಕೆ ಕಂಬಳಿಯನ್ನು ಮೂರು ಸುತ್ತು ಸುತ್ತಲಾಗಿತ್ತು. ಎರಡು ಕಡೆ ಹಿಡಿಗಂಟು, ಮೈ ಮುಟ್ಟದೆ ಎತ್ತಿಕೊಂಡು ಬರುವ ಹಾಗೆ. ಇನ್ನೂ ವಿಚಿತ್ರವೆಂದರೆ, ಬುರ್ಖಾದ ಒಳಗೂ ಗೊಂಬೆಯ ತಲೆಗೆ ಕಪ್ಪು ಪ್ಲಾಸ್ಟಿಕ್ ಚೀಲ ಹಾಕಿ, ಕತ್ತಿನ ಬಳಿ ಅಚ್ಚುಕಟ್ಟಾಗಿ ಕಟ್ಟಲಾಗಿತ್ತು!

ಬಟ್ಟೆ ಅಂಗಡಿಗಳಲ್ಲಿ ಗೊಂಬೆಗಳ ಮುಖ ಮುಚ್ಚಬೇಕೆಂಬ ಆದೇಶವಿರುವುದು ನಿಜ. ಆದರೆ ಕದ್ದು ಒಯ್ಯುವಾಗಲೂ ಆದೇಶ ಪಾಲಿಸುವ ಕಳ್ಳನನ್ನು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ಬುರ್ಖಾದ ಅಡಿಯಲ್ಲಿ ಹಸಿರು ರೇಷ್ಮೆಯ ಉಡುಗೆ ಮಿಂಚಿತು. ಎದೆಯ ತುಂಬ ಮಣಿಗಳ ಕಸೂತಿ. ನಿಕಾಹ್‌ನ ಉಡುಗೆ!

ಬೆಳಿಗ್ಗೆ ಫೋನ್ ಅರಚಿತು.

"ಮಾಮಾ! ನಾನು ಮುಳುಗಿದೆ ಮಾಮಾ!"

ಮಾಹ್‌ಗುಲ್. ಹಿಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್. ಶಾಲೆಗೆ ಬೀಗ ಬಿದ್ದಮೇಲೆ ಖೈರ್ ಖಾನಾದ ಮನೆಯಲ್ಲೇ ಹೊಲಿಗೆ. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ಪ್ರತಿ ಗುರುವಾರ ಬಟ್ಟೆ ಬಜಾರಿಗೆ ನಾನೇ ಅವಳ ಮಾಮಾ.

"ಏನಾಯ್ತು ಮಾಹ್‌ಗುಲ್ ಜಾನ್?"

"ಸೋಮವಾರ ಕಿಟಕಿ ಪರದೆ ಜಾರಿತ್ತು. ಗೊಂಬೆ ಮುಖ ಬೀದಿಗೆ ಕಾಣಿಸ್ತಂತೆ. ಬಿಳಿ ಕೋಟಿನ ನೀತಿ ಪೊಲೀಸರು ಬಂದು ವಿಗ್ರಹ ಅಂತ ಹೊತ್ಕೊಂಡು ಹೋದ್ರು! ಮೈಮೇಲೆ ಮದುವೆ ಬಟ್ಟೆ ಇದೆ ಅಂತ ಎಷ್ಟು ಬಡ್ಕೊಂಡೆ. ಹೆಂಗಸಿನ ದನಿ ಕೇಳಬಾರದು ಅಂತ ಕಿವಿ ಮುಚ್ಕೊಂಡ್ರು. ನಾಳೆ ಮದುವೆ ಮಾಮಾ!"

"ಆಮೇಲೆ?"

"ಈಗ ಅವರ ಉಗ್ರಾಣದಿಂದಲೇ ಗೊಂಬೆ ಕಳುವಾಗಿದೆಯಂತೆ! ನಾನೇ ಕದ್ದೆ ಅಂತಾನೆ ಅವರಲ್ಲೊಬ್ಬ, ಆ ಸಂಗೀನ್. ಇವತ್ತು ಇಳಿಹೊತ್ತಿನ ಮೂರನೇ ನಮಾಜಿನೊಳಗೆ ಗೊಂಬೆ ವಾಪಸ್ ಬರದಿದ್ರೆ ಹೊಲಿಗೆ ಮೆಷಿನ್ ಎತ್ಕೊಂಡು ಹೋಗ್ತಾನಂತೆ. ಮೆಷಿನ್ ಹೋದ್ರೆ ಮಕ್ಕಳಿಗೆ ಏನು ಹಾಕ್ಲಿ? ಗಣಿತನಾ?"

ನಾನು ಗೊಂಬೆಯನ್ನು ನೋಡಿದೆ. ಗೊಂಬೆ ಪ್ಲಾಸ್ಟಿಕ್ ಚೀಲದೊಳಗಿಂದ ನನ್ನನ್ನು ನೋಡಿತು.

"ಬಟ್ಟೆ ಬಿಚ್ಚಿ ಕಳಿಸಿದ್ರೆ ಸಾಕಾ?"

"ಅಯ್ಯೋ! ಕೈ ಹಾಕ್ಬೇಡಿ! ಮಣಿ ಕೂರಿಸೋಕೆ ಅಂತ ಬೆನ್ನ ಹಿಂದೆ ಬಿಗಿಯಾಗಿ ಎಳೆದು ಹೊಲಿದಿದೀನಿ. ನಲವತ್ತೆರಡು ಹೊಲಿಗೆ. ಬಿಚ್ಚೋ ಕ್ರಮ ನನಗೊಬ್ಬಳಿಗೇ ಗೊತ್ತು. ಅಲ್ಲ... ಅದು ಎಲ್ಲಿದೆ ಮಾಮಾ?"

"ನನ್ನ ಮುಂದೆ ಕೂತಿದೆ. ಚಹಾ ಮುಟ್ಟಿಲ್ಲ."

ಬಟ್ಟೆ ಅವಳ ಮನೆ ಸೇರಬೇಕು. ಬರಿ ಗೊಂಬೆ ಉಗ್ರಾಣ ಸೇರಬೇಕು. ನಡುವೆ ಇಡೀ ಊರು! ಗೊಂಬೆಯನ್ನು ಚೀಲದಲ್ಲಿ ಹೊತ್ತರೆ ಚೀಲ ಬಿಚ್ಚಿಸುತ್ತಾರೆ. ಗಾಡಿಯಲ್ಲಿಟ್ಟರೆ ಗಾಡಿ ಇಳಿಸುತ್ತಾರೆ. ಆದರೆ ಬುರ್ಖಾ ಎತ್ತಿ ನೋಡುವ ಧೈರ್ಯ ಬಿಳಿ ಕೋಟಿನವರಲ್ಲಿ ಒಬ್ಬನಿಗೂ ಇಲ್ಲ!

ಜಾಲರಿಯನ್ನು ಮುಂದಕ್ಕೆ ತಿರುಗಿಸಿದೆ. ಗೊಂಬೆಗೆ ಕಾಲಿರಲಿಲ್ಲ, ಒಂದು ಕಬ್ಬಿಣದ ಸರಳಷ್ಟೇ. ತೀರಿಹೋದ ನಮ್ಮಮ್ಮನ ಚಪ್ಪಲಿಯೊಂದನ್ನು ಅದಕ್ಕೆ ಸಿಕ್ಕಿಸಿದೆ.

"ನಡೀರಿ ಖಾಲಾ," ಎಂದೆ. ಆ ಕ್ಷಣದಿಂದ ಅವಳು ನನ್ನ ತಾಯಿಯ ತಂಗಿ.

ಟ್ಯಾಕ್ಸಿ ಶೀರ್ ಆಗಾನದು. ನಂಬಿಕಸ್ಥ, ಆದರೆ ಪುಕ್ಕಲು. ಹಿಂದಿನ ಸೀಟಿನಲ್ಲಿ ಖಾಲಾಳನ್ನು ಓರೆಯಾಗಿ ಒರಗಿಸಿದೆವು; ಪಕ್ಕದಲ್ಲಿ ನಾನು ಕೂತೆ.

"ಏನಣ್ಣಾ, ನಿಮ್ಮ ಖಾಲಾ ಇಷ್ಟೊಂದು ಸೆಟೆದುಕೊಂಡಿದಾರೆ?"

"ವಾತ."

"ಡಾಕ್ಟರ್ ಏನಂದ್ರು?"

"ಪ್ಲಾಸ್ಟಿಕ್ ಅಂದ್ರು. ನೀನು ಗಾಡಿ ಓಡಿಸು."

ಕನ್ನಡಿಯಲ್ಲಿ ಅವನ ಕಣ್ಣು ಬೋಂಡಾದಷ್ಟು ಅಗಲವಾಯಿತು. ಸುದ್ದಿ ತಿಳಿದ ಮೇಲೆ ಅವನು ರಸ್ತೆಯ ಗುಂಡಿಗಳನ್ನು ಆರಿಸಿ ಆರಿಸಿ ಗಾಡಿ ಇಳಿಸತೊಡಗಿದ.

ಖೈರ್ ಖಾನಾದ ತಿರುವು. ಚೆಕ್‌ಪೋಸ್ಟ್!

ಬಿಳಿ ಕೋಟು, ಹೆಗಲಲ್ಲಿ ಬಂದೂಕು, ಮೂಗಿನ ತುದಿಯಲ್ಲಿ ಕೋಪ. ಸಂಗೀನ್! ಇಪ್ಪತ್ತೆರಡರ ಪ್ರಾಯ, ಬಹಳ ಆಸೆಯಿಂದ ಬೆಳೆಸಿದ ಗಡ್ಡ.

"ನಿಲ್ಸು! ಹಿಂದೆ ಯಾರು?"

"ನನ್ನ ಖಾಲಾ. ಕುಂದೂಜಿನಿಂದ ಬಂದಿದಾರೆ. ಕಾಯಿಲೆ."

"ನಿನ್ನ ಮುಖ ನೋಡಿದೀನಿ... ಮೊನ್ನೆ ಇಬ್ಬರು ಹೆಂಗಸರಿಗೆ ಮಾಮಾ ಆಗಿದ್ದವನು ನೀನೇ ಅಲ್ವಾ?"

"ನಮ್ಮಕ್ಕನಿಗೆ ಒಂಬತ್ತು ಹೆಣ್ಣುಮಕ್ಕಳು ಸಾಹೇಬ್ರೇ. ಗಂಡು ಹುಟ್ಟೋವರೆಗೂ ನಿಲ್ಲಿಸ್ಲಿಲ್ಲ. ಭಾವ ಹಟಮಾರಿ."

ಅವನು ಕಿಟಕಿಯತ್ತ ಬಗ್ಗಿದ. "ಖಾಲಾ, ಇವನು ನಿಮಗೆ ಏನಾಗ್ಬೇಕು?"

ಖಾಲಾ ಮೌನ.

"ಖಾಲಾ! ನಿಮ್ಮನ್ನೇ ಕೇಳ್ತಿರೋದು!"

"ಎಂಥ ಕೆಲಸ ಮಾಡ್ತಿದೀರಿ ಸಾಹೇಬ್ರೇ!" ನಾನು ಎದೆ ಹಿಡಿದುಕೊಂಡೆ. "ಪರಗಂಡಸಿಗೆ ಹೆಂಗಸಿನ ದನಿ ಕೇಳಿಸಬಾರದು ಅಂತ ನೀವೇ ತಾನೇ ಆದೇಶ ಓದಿದ್ದು? ಈಗ ಮಾತಾಡಿಸ್ತಿದೀರಲ್ಲಾ, ಮುದುಕಿಯನ್ನ!"

ಸಂಗೀನ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅವಳು ಮಾತಾಡದಿದ್ದರೆ ತನಿಖೆ ಸಾಗುವುದಿಲ್ಲ. ಮಾತಾಡಿದರೆ ಕೇಳಿಸಿಕೊಂಡವನೇ ತಪ್ಪಿತಸ್ಥ!

"ಹಾಗಾದ್ರೆ... ತಲೆ ಆಡಿಸ್ಲಿ!"

ಆ ಕ್ಷಣಕ್ಕೆ ಶೀರ್ ಆಗಾನ ಕಾಲು ಕ್ಲಚ್ಚಿನಿಂದ ಜಾರಿತು. ಗಾಡಿ ಒಮ್ಮೆ ಕುಪ್ಪಳಿಸಿತು. ಖಾಲಾಳ ತಲೆ ಅಲುಗಿ... ಕಿರ್ರ್... ಪೂರ್ತಿ ಹಿಂದಕ್ಕೆ ತಿರುಗಿ ನಿಂತಿತು!

ಶೀರ್ ಆಗಾ ಪ್ರಾರ್ಥನೆಗೆ ತೊಡಗಿದ.

"ಖಾಲಾ ಮುಖ ಎಲ್ಲಿ ಹೋಯ್ತು?" ಸಂಗೀನ್‌ನ ದನಿ ಸಣ್ಣದಾಯಿತು.

"ನಿಮ್ಮನ್ನ ನೋಡಬಾರದು ಅಂತ ಆ ಕಡೆ ತಿರುಗಿಸ್ಕೊಂಡ್ರು."

"ಪೂರ್ತಿ?"

"ಹಳೇ ಕಾಲದವರು. ಅರ್ಧಂಬರ್ಧ ಏನೂ ಮಾಡೋದಿಲ್ಲ."

ಸಂಗೀನ್ ತಡಮಾಡದೆ ಬೆನ್ನು ತಿರುಗಿಸಿ ನಿಂತ. "ಮಾಷಾ ಅಲ್ಲಾಹ್!" ಎಂದ. "ನಮ್ಮಮ್ಮನೂ ಹೀಗೇ ಇದ್ದಿದ್ರೆ! ದಿನವಿಡೀ ವಟವಟ... ಆದ್ರೂ ಒಂದು ಮಾತು ಸಾಹೇಬರಿಗೆ ತಿಳಿಸ್ಬೇಕು."

ವೈರ್‌ಲೆಸ್ ಒತ್ತಿದ.

ಎರಡೇ ನಿಮಿಷ. ಮೋಟಾರ್‌ಸೈಕಲ್ ಏರಿ ಬಂದವರು ಖಾರಿ ಸಮಂದರ್, ಕುರಾನ್ ಬಾಯಿಪಾಠ ಇದ್ದವರು, ಈ ಭಾಗದ ಬಿಳಿ ಕೋಟಿನವರ ಮುಖ್ಯಸ್ಥರು. ಅವರು ನಕ್ಕದ್ದನ್ನು ಕಂಡವರಿಲ್ಲ. ಗಾಳಿಪಟ ಹಾರಿಸಿದ್ದಕ್ಕೆ ಸ್ವಂತ ತಮ್ಮನನ್ನೇ ಎರಡು ರಾತ್ರಿ ಲಾಕಪ್ಪಿನಲ್ಲಿ ಕೂರಿಸಿದ ಆಸಾಮಿ!

"ಸಾಹೇಬ್, ಹೆಂಗಸರ ತಪಾಸಣೆಗೆ ನಮ್ಮ ಕಚೇರಿ ಹೆಂಗಸನ್ನ ಕರೆಸ್ಲಾ?" ಎಂದ ಸಂಗೀನ್.

ಮುಗಿಯಿತು ಅಂದುಕೊಂಡೆ!

ಖಾರಿ ಟ್ಯಾಕ್ಸಿಯ ಒಳಗೆ ಒಂದು ಕ್ಷಣ ನೋಡಿ ಆಕಾಶದ ಕಡೆ ಮುಖ ಎತ್ತಿದರು.

"ಕಾಯಿಲೆಯವರನ್ನ ಯಾಕೆ ತಡೀತೀಯ? ಬಿಡು."

"ಗೊಂಬೆ ಕಳುವಾಗಿದೆಯಲ್ಲಾ, ಎಲ್ಲ ಗಾಡಿ..."

"ಬಿಡು ಅಂದೆ!"

ಬಿಟ್ಟ! ಗಾಡಿ ಚಿಮ್ಮಿತು. ಇನ್ನೂರು ಗಜ ಹೋಗಿರಬಹುದು. ಹಿಂದೆ ಮೋಟಾರ್‌ಸೈಕಲ್ಲಿನ ಅಬ್ಬರ... ಸಂಗೀನ್! ಒಂದು ಕೈ ಎತ್ತಿ ಬೊಬ್ಬೆ ಹೊಡೆಯುತ್ತಿದ್ದಾನೆ!

"ತುಳಿ ಶೀರ್ ಆಗಾ, ತುಳಿ!"

ನಾನ್ ರೊಟ್ಟಿಯ ಅಂಗಡಿ, ಕಲ್ಲಂಗಡಿ ರಾಶಿ, ಕುರಿ ಹಿಂಡು... ಎಲ್ಲ ಕಿಟಕಿಯಾಚೆ ಹಾರಿಹೋದವು. ಒಂದು ಕುರಿ ನಮಗಿಂತ ಮುಂದೆ ಓಡಿತು. ಖಾಲಾ ನನ್ನ ತೊಡೆಯ ಮೇಲೆ ಉರುಳಿದಳು. ಓಣಿಯ ಕೊನೆಯಲ್ಲಿ ಗೋಡೆ! ಬ್ರೇಕ್! ಸಂಗೀನ್ ಏದುಸಿರು ಬಿಡುತ್ತಾ ಪಕ್ಕಕ್ಕೆ ಬಂದ.

ಕುಕ್ಕರಿನ ಮುಚ್ಚಳ ಮನೆಯಲ್ಲೇ ಬಿಟ್ಟುಬಂದಿದ್ದೆ.

ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ಕೈ ಚಾಚಿದ.

"ಖಾಲಾ ಚಪ್ಪಲಿ... ಬಾಗಿಲ ಸಂದಿಯಿಂದ ಬಿತ್ತು. ಬರಿಗಾಲಲ್ಲಿ ನಡೆದ್ರೆ ಶೀತ ಆಗುತ್ತೆ. ನನಗೋಸ್ಕರ ದುವಾ ಮಾಡೋಕೆ ಹೇಳಿ."

ತನ್ನ ಮನೆಯಲ್ಲಿ ಮಾಹ್‌ಗುಲ್ ನಲವತ್ತೆರಡು ಹೊಲಿಗೆಗಳನ್ನು ಎಣಿಸುತ್ತಾ ಬಿಚ್ಚಿದಳು. ಒಂದು ಮಣಿ ಉದುರಲಿಲ್ಲ. ಮಧ್ಯಾಹ್ನ ಮದುವಣಗಿತ್ತಿಯ ತಾಯಿ ಬಂದು, ಉಡುಗೆಯನ್ನು ಬುರ್ಖಾದ ಅಡಿಯಲ್ಲಿ ಅಡಗಿಸಿಕೊಂಡು, ಅಳುತ್ತಾ ನಗುತ್ತಾ ಹೋದಳು. ಬಾಗಿಲಲ್ಲಿ ತಿರುಗಿ, "ಎರಡು ದಿನದಿಂದ ಮನೇಲಿ ಒಲೆ ಹಚ್ಚಿಲ್ಲ. ಮಗಳ ಬಟ್ಟೆ ಬರೋವರೆಗೂ ನಮ್ಮ ಯಜಮಾನರಿಗೆ ಅನ್ನ ಇಲ್ಲ ಅಂದಿದ್ದೆ," ಎಂದಳು.

"ಯಾರ ಮನೆಯವರು?" ಮಾಹ್‌ಗುಲ್‌ಳನ್ನು ಕೇಳಿದೆ.

"ಗಿರಾಕಿ ಹೆಸರು ಹೇಳೋದಿಲ್ಲ ಮಾಮಾ."

"ನನ್ನ ಹಣೆ ಊದಿದೆ. ಹೇಳು."

ಕಿವಿಯಲ್ಲಿ ಹೇಳಿದಳು. ನನ್ನ ಕೈಯಲ್ಲಿದ್ದ ಆಲೂ ತುಂಬಿದ ಬೋಲಾನಿ ರೊಟ್ಟಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಮೂರನೇ ನಮಾಜಿಗೆ ಇನ್ನು ಕಾಲು ಗಂಟೆ. ಖಾಲಾಳನ್ನು ನಡೆಸಿಕೊಂಡು ಬಿಳಿ ಕೋಟಿನವರ ಕಚೇರಿ ಹೊಕ್ಕೆ. ಸಂಗೀನ್ ಎದ್ದು ನಿಂತ.

"ಖಾಲಾ ಹುಷಾರಾದ್ರಾ?"

ಬುರ್ಖಾ ಎಳೆದೆ. ಹಿಟ್ಟಿನ ಚೀಲ ತೊಟ್ಟ ಗೊಂಬೆ. ತಲೆಗೆ ಕಪ್ಪು ಪ್ಲಾಸ್ಟಿಕ್.

"ಖಾಲಾ!" ಸಂಗೀನ್ ಗೋಡೆ ಹಿಡಿದುಕೊಂಡ. "ನಾನು ಚಪ್ಪಲಿ ಹಿಡ್ಕೊಂಡು ಓಡಿದ್ನಲ್ಲಾ!"

"ರಾತ್ರಿ ಯಾರೋ ನನ್ನ ಬಾಗಿಲಿಗೆ ತಂದು ನಿಲ್ಲಿಸಿ ಓಡಿದ್ರು. ಗೊಂಬೆ ವಾಪಸ್ ಬಂತು. ಮಾಹ್‌ಗುಲ್ ಮೆಷಿನ್ ಮುಟ್ಟಬೇಡಿ."

"ಹಾಗಾಗೋದಿಲ್ಲ!" ಅವನು ರಿಜಿಸ್ಟರ್ ಎಳೆದ. ದುಃಖ ಈಗ ಕೋಪವಾಗಿತ್ತು. "ಕಳ್ಳನ ಹೆಸರಿನ ಕಾಲಂ ಖಾಲಿ ಬಿಡೋಹಾಗಿಲ್ಲ. ಬೇರೆ ಹೆಸರು ಇಲ್ಲಾಂದ್ರೆ ಆ ಹೆಂಗಸಿನ ಹೆಸರೇ. ಮೆಷಿನ್ ಜಪ್ತಿ!"

ಮೂಲೆಯಲ್ಲಿ ಖಾರಿ ಸಮಂದರ್ ಜಪಮಣಿ ಎಣಿಸುತ್ತಾ ಕೂತಿದ್ದರು.

"ಬುರ್ಖಾ ಹಿಂದುಮುಂದಾಗಿತ್ತು," ಎಂದೆ. "ಹೆಂಗಸು ಆ ತಪ್ಪು ಮಾಡೋದಿಲ್ಲ. ಹೊದಿಸಿದವನು ಗಂಡಸು. ನಿಮ್ಮ ಬೀಗ ಒಡೆದಿದೆಯಾ?"

"ಇಲ್ಲ..."

"ಅಂದ್ರೆ ಬೀಗದ ಕೈ ಇದ್ದವನು. ಗೊಂಬೆಯ ಮೈ ಮುಟ್ಟಬಾರದು ಅಂತ ಕಂಬಳಿ ಸುತ್ತಿದ. ಬುರ್ಖಾ ಇದ್ರೂ ಮುಖಕ್ಕೆ ಚೀಲ ಕಟ್ಟಿದ. ಅಷ್ಟು ಭಯಭಕ್ತಿ! ಒಂಟಿ ಹೆಂಗಸಿನ ಮನೆಗೆ ಹೋಗೋದು ಪಾಪ ಅಂತ, ಮಾಹ್‌ಗುಲ್ ಮನೆ ಬಿಟ್ಟು ಅವಳ ಮಾಮಾನ ಬಾಗಿಲಿಗೆ ತಂದಿಟ್ಟ. ಮನೇಲಿ ಎರಡು ದಿನದಿಂದ ಊಟ ಇಲ್ಲ ಬೇರೆ."

ಸಂಗೀನ್ ತಲೆ ಕೆರೆದುಕೊಂಡ. "ಅಂಥ ಒಳ್ಳೇ ಮನುಷ್ಯ ಕಳ್ಳ ಹೇಗಾಗ್ತಾನೆ? ಬೊಗಳೆ! ನಾನು ಆ ಹೆಂಗಸಿನ ಹೆಸರೇ ಬರೀತೀನಿ."

ಪೆನ್ನಿನ ಮುಚ್ಚಳ ತೆಗೆದ. ಹಾಳೆಯ ಮೇಲಿಟ್ಟ.

ಜಪಮಣಿಯ ಸದ್ದು ನಿಂತಿತು.

ಮೂಲೆಯಲ್ಲಿ ಯಾರದೋ ಹೊಟ್ಟೆ ಗುರ್ರ್ ಎಂದಿತು.

"ನಿಲ್ಸು ಸಂಗೀನ್. ಸುಳ್ಳು ಬರೆಸೋದು ಹರಾಮು," ಎಂದಿತು ಒಂದು ಸೋತ ದನಿ. "ಬರ್ಕೋ... ಕಳ್ಳನ ಹೆಸರು, ಖಾರಿ ಸಮಂದರ್!"