ಮಿಸಾಗೊ ಬೈಕಿನ ಎರಡು ಕ್ರೋಮ್ ತಗಡು

2010ರ ಅಕ್ಟೋಬರ್ 5, ಮಂಗಳವಾರ, ಬೆಳಿಗ್ಗೆ 8.40. ಹಮಾಮಾತ್ಸು ಊರಿನ ದಕ್ಷಿಣ ಭಾಗದ ಠಾಣೆಗೆ ಬಂದ ಒಬಾತಾ ಕೆಯಿಗೊನ ಬಟ್ಟೆಯಿಂದ ಸುಟ್ಟ ಹಾವುಮೀನಿನ ವಾಸನೆ ಬರುತ್ತಿತ್ತು. ವಯಸ್ಸು ಐವತ್ತೆಂಟು. ಕಾಲುವೆಯ ಪಕ್ಕದಲ್ಲಿ ಹಾವುಮೀನಿನ ಊಟದ ಹೋಟೆಲು ನಡೆಸುವವನು. ಇನ್‌ಸ್ಪೆಕ್ಟರ್ ಮಕಿನೊ ಫುಮಿಯೆ ದೂರಿನ ನಮೂನೆ ಎಳೆದುಕೊಂಡಳು. ಕಾನ್‌ಸ್ಟೇಬಲ್ ಇಶಿಗುರೊ ಪೆನ್ನು ಹಿಡಿದು ಪಕ್ಕದಲ್ಲಿ ಕೂತ.

"ಏನು ಕಳುವಾಗಿದೆ?"

"ತಗಡು ಮೇಡಂ. ಎರಡು."

"ಯಾವ ತಗಡು?"

"ಬೈಕಿನ ಪೆಟ್ರೋಲ್ ಟ್ಯಾಂಕಿನ ಎರಡೂ ಪಕ್ಕಕ್ಕೆ ಕೂತಿರುತ್ತಲ್ಲ, ಹೊಳಿಯೋ ಕ್ರೋಮಿಂದು. ಮಿಸಾಗೊ ಬೈಕು. ಐವತ್ತೆಂಟನೇ ಇಸವಿದು."

"ಹೊಳೀತಿತ್ತಾ?"

"ಇಲ್ಲ. ಅರ್ಧಕ್ಕರ್ಧ ಎದ್ದುಹೋಗಿತ್ತು. ಕೆಳಗಡೆ ತುಕ್ಕು."

ಇಶಿಗುರೊನ ಪೆನ್ನು ನಿಂತಿತು. "ತುಕ್ಕು ಹಿಡಿದ ತಗಡು ಕದ್ದಿದ್ದಾರಾ?"

"ತುಕ್ಕು ಅಂದ್ರೆ ಸುಮ್ನೆ ಬಂತಾ ತಮ್ಮಾ? ಐವತ್ತೆರಡು ವರ್ಷದ ತುಕ್ಕದು. ಅಂಗಡೀಲಿ ತೂಕಕ್ಕೆ ಸಿಗುತ್ತಾ?"

ಮಿಸಾಗೊ ಈ ಊರಿನದೇ ಸಣ್ಣ ಕಂಪನಿ. ಎರಡು ವರ್ಷ ಬೈಕು ಮಾಡಿ ಮುಚ್ಚಿಹೋಗಿತ್ತು. ಅದರ ನಾಲ್ಕು ಬೈಕು ಮಾತ್ರ ಉಳಿದಿದ್ದವು. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಭಾಗಗಳೆಲ್ಲ ಹಾಗೇ ಇದ್ದದ್ದು ಒಬಾತಾನದರಲ್ಲಿ ಮಾತ್ರ. ಬರುವ ಭಾನುವಾರ, ಹತ್ತನೇ ತಾರೀಕು, ಹಳೆ ಬೈಕುಗಳ ಕೂಟ. ಮಿಸಾಗೊ ಕಾರ್ಖಾನೆಯಲ್ಲಿ ದುಡಿದ ಮೂವರು ಮುದುಕರು ಅದನ್ನು ನೋಡಲೆಂದೇ ಬರುವವರಿದ್ದರು. ಒಬ್ಬರಿಗೆ ತೊಂಬತ್ತೊಂದು.

"ಮುಂದಿನ ವರ್ಷ ತೋರಿಸ್ತೀನಿ ಅನ್ನೋ ಹಾಗಿಲ್ಲ ಮೇಡಂ," ಎಂದ ಒಬಾತಾ. "ಭಾನುವಾರದ ಒಳಗೆ ಬೇಕು. ಟ್ಯಾಂಕು ಈಗ ಬನಿಯನ್ ಹಾಕ್ಕೊಂಡು ನಿಂತ ಹಾಗೆ ಕಾಣುತ್ತೆ."

ಬೆಳಿಗ್ಗೆ 10.15ಕ್ಕೆ ಸ್ಥಳ ಪಂಚನಾಮೆ. ಬೈಕು ಹೋಟೆಲಿನ ಪಕ್ಕದ ಗಾಜಿನ ಕೋಣೆಯಲ್ಲಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಹೂಕುಂಡದ ಹಿಂದೆ ಮೊಳೆಗೆ ನೇತಾಡುತ್ತದೆ ಎಂದು ಒಬಾತಾ ಹೇಳಿದ. ಅದು ಯಾರ್ಯಾರಿಗೆ ಗೊತ್ತು ಎಂದು ಮಕಿನೊ ಕೇಳಿದಳು.

"ಊಟಕ್ಕೆ ಬರೋರಿಗೆಲ್ಲ," ಎಂದಳು ಹೆಂಡತಿ ಯಾಸುಕೊ ಅಡುಗೆಮನೆಯ ಕಿಟಕಿಯಿಂದ. "ಇವರೇ ಎಲ್ಲರೆದುರಿಗೆ ತೆಗೆದು ತೆಗೆದು ತೋರಿಸ್ತಾರೆ. ನನ್ನ ಮದುವೆ ಉಂಗುರ ಕಳೆದಾಗ ಠಾಣೆಗೆ ಹೋದ್ರಾ ಕೇಳಿ. ಮೋರೀಲಿ ಕೈಹಾಕಿ ನೋಡು ಅಂದ್ರು."

"ಸಿಕ್ತಲ್ಲ ಮೋರೀಲೇ!"

"ಸಿಕ್ತು, ಕೈ ಹಾಕಿದ್ದು ನಾನು."

ಹೋಟೆಲಿಗೆ ಸೋಮವಾರ ರಜೆ. ಗಂಡಹೆಂಡತಿ ಬೆಳಿಗ್ಗೆಯೇ ಮಗಳ ಮನೆಗೆ ಹೋಗಿದ್ದರು. ಕಳುವು ಆಗಲೇ ಆಗಿರಬೇಕು. ಬೆರಳಚ್ಚು ಒಂದೂ ಸಿಗಲಿಲ್ಲ. ಕಳ್ಳ ಎಲ್ಲವನ್ನೂ ಒರೆಸಿ ಹೋಗಿದ್ದ. ತಾನು ಮುಟ್ಟಲೇಬೇಕಿಲ್ಲದ ಹಿಂದಿನ ಮಡ್ಗಾರ್ಡಿನ ಧೂಳನ್ನೂ ಒರೆಸಿದ್ದ. ತಗಡಿನ ನಾಲ್ಕು ಸ್ಕ್ರೂ, ನಾಲ್ಕು ವಾಷರು ಕಳೆದುಹೋಗದಂತೆ ಒಂದು ತುಂಡು ತಾಮ್ರದ ತಂತಿಗೆ ಪೋಣಿಸಿ, ತಿರುಚಿ, ಕ್ಲಚ್ಚಿನ ಹಿಡಿಗೆ ನೇತುಹಾಕಿದ್ದ.

"ಕಳ್ಳನಿಗೆ ಇಷ್ಟು ಒಳ್ಳೆ ಬುದ್ಧಿ ಎಲ್ಲಿಂದ ಬಂತು?" ಎಂದ ಇಶಿಗುರೊ.

ಮಕಿನೊ ತಂತಿಯನ್ನು ಲಕೋಟೆಗೆ ಹಾಕಿಸಿದಳು. ಗೋಡೆಯ ಮೇಲೆ ಒಬಾತಾನೇ ದಪ್ಪ ಅಕ್ಷರದಲ್ಲಿ ಬರೆದ ಫಲಕವಿತ್ತು. *ಆ ಕಾಲದ ಕ್ರೋಮ್ ಕೆಲಸ ಕಳಪೆ. ಎರಡೇ ವರ್ಷಕ್ಕೆ ಎದ್ದುಬಂತು, ಕಂಪನಿಯ ಹೆಸರೂ ಕೆಟ್ಟಿತು. ಇದ್ದದ್ದನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇವೆ.* ಅದನ್ನೂ ಬರೆದುಕೊಳ್ಳಲು ಇಶಿಗುರೊನಿಗೆ ಹೇಳಿದಳು. ಯಾಕೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ಪಂಚನಾಮೆಯಲ್ಲಿ ಗೋಡೆಯನ್ನು ಬಿಡಬಾರದು ಎನ್ನುವುದು ಅವಳ ಅಭ್ಯಾಸ, ಅಷ್ಟೇ.

"ಹೊಸದಾಗಿ ಕ್ರೋಮ್ ಹಾಕಿಸಿ ಅಂತ ಯಾರಾದರೂ ಹೇಳಿದ್ದರಾ?"

"ತಿಂಗಳಿಗೆ ಇಪ್ಪತ್ತು ಜನ ಹೇಳ್ತಾರೆ ಮೇಡಂ. ಮುಟ್ಟಿದ್ರೆ ಕೈ ಕತ್ತರಿಸಿ ಇದ್ದಲ ಮೇಲೆ ಇಡ್ತೀನಿ ಅಂತೀನಿ. ಎಲ್ರಿಗೂ ಅದೇ ಉತ್ತರ."

ಬುಧವಾರವಿಡೀ ಇಶಿಗುರೊ ಅಂತರ್ಜಾಲದ ಹರಾಜುಗಳನ್ನೂ ಗುಜರಿ ಅಂಗಡಿಗಳನ್ನೂ ಜಾಲಾಡಿದ. ಏನೂ ಸಿಗಲಿಲ್ಲ. ಗುರುವಾರ ಬೆಳಿಗ್ಗೆ ತಂತಿಯನ್ನು ಒಬ್ಬ ವಿದ್ಯುತ್ ಕೆಲಸದವನಿಗೆ ತೋರಿಸಿದರು. ತನ್ನ ಕಸುಬಿನದಲ್ಲ, ಇದನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿದ್ದಾರೆ ಎಂದ. ಮಧ್ಯಾಹ್ನ 2.30ಕ್ಕೆ ಹಳೆ ಬೈಕಿನ ಬಿಡಿಭಾಗ ಮಾರುವ ಸುಗಾ ಎಂಬ ಹೆಂಗಸಿನ ಅಂಗಡಿಗೆ ಹೋದರು. ಆಕೆ ಕನ್ನಡಕ ಏರಿಸಿ ತಂತಿಯನ್ನು ಮೂಸಿಯೂ ನೋಡಿದಳು.

"ಮಡಚಿದ ಕಡೆ ಹಸಿರು ಕಟ್ಟಿದೆ ನೋಡಿ. ಕ್ರೋಮಿನ ಕೆಳಗಿನ ಪದರಕ್ಕೆ ಹಾಕೋ ನಿಕ್ಕಲ್ ನೀರು ಒಣಗಿದ್ದು. ಪ್ಲೇಟಿಂಗ್ ಮಾಡೋರ ತಂತಿ ಇದು. ಸಾಮಾನನ್ನ ಇದಕ್ಕೆ ಕಟ್ಟಿ ತೊಟ್ಟೀಲಿ ಇಳಿಬಿಡ್ತಾರೆ. ಅವರ ಕೈಗೆ ಒಂದು ಸ್ಕ್ರೂ ಕೊಡಿ, ಗೊತ್ತಿಲ್ಲದ ಹಾಗೇ ತಂತಿಗೆ ಪೋಣಿಸಿರ್ತಾರೆ. ನಾವು ಜೇಬಿಗೆ ಹಾಕ್ತೀವಿ, ಅವರು ಪೋಣಿಸ್ತಾರೆ."

"ಸವೆದ ತಗಡು ಪ್ಲೇಟಿಂಗ್ ಮಾಡೋರಿಗೆ ಯಾಕೆ?"

"ಅವರಿಗೆ ಬಿಟ್ರೆ ಇನ್ಯಾರಿಗೆ ಬೇಕು ಹೇಳಿ?"

ಒಂದೊಂದೇ ಸಾಮಾನಿಗೆ ಕ್ರೋಮ್ ಹಾಕಿಕೊಡುವವರು ಊರಿನಲ್ಲಿ ಈಗ ಮೂವರೇ ಉಳಿದಿದ್ದರು. ಅಕ್ಟೋಬರ್ 8, ಶುಕ್ರವಾರ. ಮೊದಲನೆಯವನು ಆಸ್ಪತ್ರೆಯಲ್ಲಿದ್ದ. ಎರಡನೆಯವನು ನೊಜುಯೆ, ನಲವತ್ತರ ಆಳು. ಮಧ್ಯಾಹ್ನ 1.50ಕ್ಕೆ ಮಕಿನೊ ತಂತಿಯನ್ನು ಅವನ ಮುಂದಿಟ್ಟಳು. ಅವನು ಅದನ್ನು ನೋಡಿ ತನ್ನ ಕೈಯನ್ನು ಏಪ್ರನ್ನಿನ ಹಿಂದೆ ತಳ್ಳಿದ.

"ನಿಮ್ಮದಾ?"

"ಅಲ್ಲ."

"ಆ ಕೈಯಲ್ಲಿ ಏನಿದೆ?"

ಹೊರಗೆ ಬಂದ ಕೈಯಲ್ಲಿ ಒಂದು ಗೊಂಚಲು ಸೈಕಲ್ ಬೆಲ್ಲಿನ ಟೋಪಿಗಳಿದ್ದವು, ತಾಮ್ರದ ತಂತಿಗೆ ಕಟ್ಟಿದವು. ಎರಡೂವರೆ ಸುತ್ತು, ತುದಿ ಒಳಕ್ಕೆ ಮಡಿಕೆ. ಲಕೋಟೆಯಲ್ಲಿದ್ದ ತಂತಿಯೂ ಅದೇ ಥರ.

"ನಾನಲ್ಲ ಮೇಡಂ, ದೇವರಾಣೆ. ಸೋಮವಾರ ನಗೋಯಾದಲ್ಲಿದ್ದೆ, ಟಿಕೆಟ್ ಇದೆ."

"ಹಾಗಾದ್ರೆ ಇದು ಯಾರ ಕಟ್ಟು?"

ನೊಜುಯೆ ಬೆಲ್ಲುಗಳನ್ನು ಒಂದೊಂದಾಗಿ ಸರಿಸಿದ. "ಹೀಗೆ ಕಟ್ಟೋದು ಕಲಿಸಿದೋರು ಒಬ್ರೇ," ಎಂದ ಕೊನೆಗೆ. "ತುದಿ ಹೊರಗಿದ್ರೆ ಬೆರಳಿಗೆ ಚುಚ್ಚುತ್ತೆ ಅಂತ ತಲೆ ಮೇಲೆ ಮೊಟಕೋರು. ಆದ್ರೆ ಮೇಡಂ, ಅವರು ಕದಿಯೋರಲ್ಲ. ಅವರಿಗೆ ಎಪ್ಪತ್ನಾಲ್ಕು. ಇನ್ನೊಬ್ಬರ ಛತ್ರಿ ತಪ್ಪಿ ತಂದ್ರೂ ರೈಲು ಹತ್ತಿ ಹೋಗಿ ಕೊಟ್ಟು ಬರೋ ಮನುಷ್ಯ."

ಕುರೆಮಾತ್ಸು ಗೆಂಜಿಯ ಕಾರ್ಯಾಗಾರವನ್ನು ಅವರು ತಲುಪಿದಾಗ 3.20. ತಗಡಿನ ಮಾಡು, ಒದ್ದೆ ನೆಲ, ಸಾಲಾಗಿ ನಾಲ್ಕು ತೊಟ್ಟಿ. ಮುದುಕ ಒಂದು ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದ. ಮಡಿಲಲ್ಲಿ ಹಸಿರು ಸಿಪ್ಪೆಯ ಕಿತ್ತಳೆಗಳಿದ್ದವು.

"ಕುರೆಮಾತ್ಸು ಗೆಂಜಿ ನೀವೇನಾ?"

"ನಾನೇ."

"ಒಬಾತಾ ಅವರ ಬೈಕಿನ ತಗಡುಗಳು ಎಲ್ಲಿವೆ?"

ಮುದುಕ ತೊಟ್ಟಿಯ ಕಡೆ ಗದ್ದ ತಿರುಗಿಸಿದ. ಹಸಿರು ನೀರಿನ ಮೇಲೆ ಅಡ್ಡ ಹಾಕಿದ ಹಿತ್ತಾಳೆ ಸರಳಿನಿಂದ ಎರಡು ತಂತಿಗಳು ಒಳಗೆ ಇಳಿದಿದ್ದವು. "ನಿಕ್ಕಲಿನಲ್ಲಿವೆ. ಹದಿನೆಂಟು ನಿಮಿಷ ಆಯ್ತು. ಇನ್ನು ಇಪ್ಪತ್ತೆರಡು ಬೇಕು."

ಇಶಿಗುರೊ ಕೈಗವಸು ಹಾಕಿಕೊಂಡ. "ಸಾಕ್ಷ್ಯ ಮೇಡಂ. ತೆಗೆದುಬಿಡ್ತೀನಿ."

"ಬೇಡಪ್ಪಾ!" ಮುದುಕ ಎದ್ದು ನಿಂತ. ಕಿತ್ತಳೆಗಳು ನೆಲದ ಮೇಲೆ ಉರುಳಿದವು. "ನನ್ನನ್ನ ಕರ್ಕೊಂಡು ಹೋಗಿ, ಕೈಕೋಳ ಹಾಕಿ, ಏನಾದ್ರೂ ಮಾಡಿ. ಅದನ್ನ ಮಾತ್ರ ಈಗ ಎತ್ತಬೇಡಿ. ಒಂದ್ಸಲ ನೀರಿಂದ ಹೊರಗೆ ಬಂದ್ರೆ ಮತ್ತೆ ಮೇಲೆ ಹಾಕಿದ್ದು ಹಿಡಿಯಲ್ಲ. ಇವತ್ತು ಹೊಳೆಯುತ್ತೆ, ಎರಡು ವರ್ಷಕ್ಕೆ ಸಿಪ್ಪೆ ಏಳುತ್ತೆ."

ಮಕಿನೊಗೆ ಗೋಡೆಯ ಫಲಕ ನೆನಪಾಯಿತು. ಮಾಲನ್ನು ಕಂಡ ಕೂಡಲೇ ವಶಕ್ಕೆ ತೆಗೆದುಕೊಳ್ಳಬೇಕು, ಅದು ನಿಯಮ. ಆದರೆ ಮಾಲು ಕೆಟ್ಟರೆ ಯಾರದು ಕೆಡುವುದು? ಅವಳು ಒಬಾತಾನಿಗೆ ಫೋನು ಮಾಡಿದಳು. ಮುಚ್ಚಿಡದೆ ಎಲ್ಲ ಹೇಳಿದಳು. ಹೋಟೆಲು ಅಲ್ಲಿಂದ ಆರು ನಿಮಿಷದ ದಾರಿ. ಒಬಾತಾ ನಾಲ್ಕೇ ನಿಮಿಷದಲ್ಲಿ ಬಂದ. ತಲೆಗೆ ಸುತ್ತಿದ ಟವೆಲನ್ನೂ ಬಿಚ್ಚಿರಲಿಲ್ಲ.

"ನೀವಾ!" ಎಂದ ಮುದುಕನನ್ನು ಕಂಡು. "ಮೂಲೆ ಟೇಬಲ್ಲಿನ ಅಜ್ಜ! ಪ್ರತಿ ಗುರುವಾರ ಖಾರದಪುಡಿ ಜಾಸ್ತಿ ಹಾಕ್ಕೊಂಡು ತಿನ್ನೋರು! ನನ್ನ ಹೋಟೆಲಲ್ಲಿ ಉಂಡು ನನ್ನ ಮನೇಗೇ ಕನ್ನ ಹಾಕಿದ್ರಾ?"

ಕುರೆಮಾತ್ಸು ಸೊಂಟದಿಂದ ಬಾಗಿ ನಮಸ್ಕರಿಸಿದ. ತಲೆ ಎತ್ತಲೇ ಇಲ್ಲ.

"ಹಳೇ ಮೈ ಹೋಯ್ತಾ?" ಎಂದು ಕೇಳಿದ ಒಬಾತಾ.

"ಹೋಯ್ತು. ಪೂರ್ತಿ ತೆಗೆದು, ಉಜ್ಜಿ, ತಾಮ್ರ ಕೊಟ್ಟು, ಮತ್ತೆ ಉಜ್ಜಿದೀನಿ. ನಾಳೆ ಬೆಳಿಗ್ಗೆ ನೀವು ಇದ್ದಲು ಹಚ್ಚೋ ಮುಂಚೆ ಕೂರಿಸಿ ಬರೋಣ ಅಂತಿದ್ದೆ."

"ಐವತ್ತೆರಡು ವರ್ಷ!" ಒಬಾತಾ ಟವೆಲನ್ನು ಕಿತ್ತು ನೆಲಕ್ಕೆ ಎಸೆದ. "ಕೇಳೋಕೆ ಬಾಯಿರಲಿಲ್ವಾ?"

"ಮೂರು ಸಲ ಕೇಳಿದೆ. ಕೈ ಕತ್ತರಿಸ್ತೀನಿ ಅಂದ್ರಿ."

"ಯಾಕೆ ಬೇಕು ಅಂತ ಹೇಳಬೇಕಿತ್ತು!"

"ಹೇಳೋಕೆ ಬಾಯಿ ಬರಲಿಲ್ಲ. ಗೋಡೆ ಮೇಲೆ ಆ ಕಾಲದ ಕೆಲಸ ಕಳಪೆ ಅಂತ ಬರೆದಿದೀರಿ. ಆ ಕಾಲದ ಕೆಲಸ ಚೆನ್ನಾಗೇ ಇತ್ತು ಒಬಾತಾ ಅವ್ರೇ. ಮಿಸಾಗೊ ತಗಡಿಗೆ ಕ್ರೋಮ್ ಹಾಕ್ತಿದ್ದದ್ದು ನಾನು, ಕಳಪೆ ಮಾಡಿದ್ದೂ ನಾನು. ಎದ್ದುಬಂದ ರೀತಿ ನೋಡಿದಾಗಲೇ ಅನುಮಾನ ಇತ್ತು. ಬಿಚ್ಚಿ ನೋಡಿದೆ, ಒಳಗಡೆ ನಾನೇ ಗುದ್ದಿದ ತಾರೀಕಿದೆ. ಐವತ್ತೆಂಟು, ಮೇ ಮೂರು."

ತಾರೀಕು ಕೇಳಿ ಒಬಾತಾ ತಲೆಯೆತ್ತಿದ. ಇಶಿಗುರೊ ಕೂಡ ತಲೆಯೆತ್ತಿದ. ಮೇ ಮೂರೆಂದರೆ ಗಾಳಿಪಟದ ಹಬ್ಬ, ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರಿನ ಪಟವನ್ನು ಓಣಿಯವರೆಲ್ಲ ಸೇರಿ ಪಂತ ಕಟ್ಟಿ ಏರಿಸುವ ದಿನ. ಆ ಊರಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

"ನಿಕ್ಕಲಿನಲ್ಲಿ ನಲವತ್ತು ನಿಮಿಷ ಇರಬೇಕಾದ್ದು ಹದಿನೈದಕ್ಕೇ ಎತ್ತಿದೆ," ಎಂದ ಕುರೆಮಾತ್ಸು. "ಮೇಲೆ ಕ್ರೋಮ್ ಹೊಡೆದ ಮೇಲೆ ಯಾರಿಗೂ ಗೊತ್ತಾಗಲ್ಲ. ಮಗ ಹುಟ್ಟಿ ನಾಲ್ಕು ತಿಂಗಳು. ಅವನ ಹೆಸರಿನ ಮೊದಲ ಪಟ. ಓಣಿಯವರೆಲ್ಲ ಸಮುದ್ರದ ದಂಡೇಲಿ ಹಗ್ಗ ಹಿಡಿದು ಕಾಯ್ತಿದ್ರು. ಅಪ್ಪನೇ ಇಲ್ಲದೆ ಹೇಗೆ ಏರಿಸ್ತಾರೆ?"

"ಎಷ್ಟು ದೊಡ್ಡ ಪಟ?" ಎಂದ ಒಬಾತಾ.

"ಆರು ಚಾಪೆ ಹಾಸಿದಷ್ಟು ಅಗಲ."

"ಏರಿತಾ?"

"ಏರಿತು," ಎಂದ ಮುದುಕ. ಬಂದಾಗಿನಿಂದ ಮೊದಲ ಸಲ ಅವನ ಮುಖ ಬಿಚ್ಚಿಕೊಂಡಿತು. "ಬಹಳ ಚೆನ್ನಾಗಿ ಏರಿತು. ಪಕ್ಕದ ಓಣಿಯವರ ಹಗ್ಗ ಎರಡು ಸಲ ಕೊಯ್ದು ಹಾಕಿದ್ವಿ."

ಒಬಾತಾ ತೊಟ್ಟಿಯೊಳಗೆ ಇಣುಕಿದ. ಹಸಿರು ನೀರು ಬಿಟ್ಟು ಏನೂ ಕಾಣಲಿಲ್ಲ. ಗಡಿಯಾರದಲ್ಲಿ 3.31. ತೊಟ್ಟಿಯ ಮೋಟರು ಗುಂಯ್ ಎನ್ನುತ್ತಿತ್ತು.

"ನಿಮ್ಮ ಸ್ವತ್ತು," ಎಂದಳು ಮಕಿನೊ. "ಈಗಲೇ ತೆಗೆಸಲಾ, ಬಿಡಲಾ? ನೀವು ಹೇಳಿ."

"ಈಗ ತೆಗೆದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ." ಒಬಾತಾ ಟವೆಲನ್ನು ಎತ್ತಿ ಹಿಂಡಿದ. ಅದರಲ್ಲಿ ಹಿಂಡುವಂಥದ್ದೇನೂ ಇರಲಿಲ್ಲ. "ಬಿಡಿ. ಒಂದು ನಿಮಿಷ ಕಮ್ಮಿ ಆಗೋದು ಬೇಡ. ಗಡಿಯಾರ ನಾನು ನೋಡ್ತೀನಿ, ಇವರ ಮೇಲೆ ನನಗೆ ನಂಬಿಕೆ ಇಲ್ಲ."

ನಾಲ್ವರೂ ಕಾದರು. ಇಶಿಗುರೊ ಕಿತ್ತಳೆಗಳನ್ನು ಆರಿಸಿ ತಂದ. ಆರೋಪಿ ಕೊಟ್ಟ ಹಣ್ಣು ತಿನ್ನಬಹುದೇ ಎಂದು ಪಿಸುಮಾತಿನಲ್ಲಿ ಕೇಳಿದ. ಮಕಿನೊ ಉತ್ತರಿಸುವ ಮುಂಚೆ ಒಬಾತಾ ಒಂದನ್ನು ಸುಲಿದು, "ಹುಳಿ," ಎಂದು ಮುಖ ಹಿಂಡಿ ಇನ್ನೊಂದಕ್ಕೆ ಕೈ ಹಾಕಿದ. ಮುದುಕ ಮಗನ ಸುದ್ದಿ ಹೇಳಿದ. ಐವತ್ತೆರಡು ದಾಟಿದೆ, ಬಸ್ಸು ಓಡಿಸುತ್ತಾನೆ, ಹೊಟ್ಟೆ ಬಂದಿದೆ.

3.42ಕ್ಕೆ ಒಬಾತಾ ಕೈ ಎತ್ತಿದ. ಕುರೆಮಾತ್ಸು ಸರಳನ್ನು ಎತ್ತಿ, ತೊಳೆದು, ತಗಡುಗಳನ್ನು ಪಕ್ಕದ ಕಂದು ನೀರಿನ ತೊಟ್ಟಿಗೆ ಇಳಿಸಿದ. ಅಲ್ಲಿ ಮೂರೇ ನಿಮಿಷ. ಮತ್ತೆ ತೊಳೆದು, ಬಿಸಿನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒತ್ತಿ, ಎರಡೂ ಕೈಗಳಲ್ಲಿ ಒಬಾತಾನ ಮುಂದೆ ಹಿಡಿದ. ನೀಲಿ ಛಾಯೆಯ ಹೊಳಪು. ಮಾಡಿನ ಕೆಳಗಿದ್ದ ಬಲ್ಬು, ನಾಲ್ಕು ಮುಖ, ಬಾಗಿಲಿನಾಚೆಯ ಬೀದಿ ಎಲ್ಲ ಅದರೊಳಗೆ ನೆಟ್ಟಗೆ ನಿಂತಿದ್ದವು. ಒಬಾತಾ ತಿರುಗಿಸಿ ಒಳಮೈಯ ತಾರೀಕನ್ನು ಹೆಬ್ಬೆರಳಿನಿಂದ ತಡವಿದ. ಅದನ್ನು ಮುದುಕ ಉಜ್ಜಿರಲಿಲ್ಲ.

"ಹಾಳಾದ್ದು," ಎಂದ ಒಬಾತಾ. "ಚೆನ್ನಾಗೇ ಬಂದಿದೆ." ಮಕಿನೊ ಕಡೆ ತಿರುಗಿದ. "ದೂರು ವಾಪಸ್ ತಗೊಳ್ಳಬಹುದಾ?"

"ಕಾಗದ ಮೇಲಕ್ಕೆ ಹೋಗಿದೆ. ಕಳುವು ಕಳುವೇ. ನಿಮ್ಮ ಮಾತನ್ನೂ ಹೇಳಿಕೆಯಲ್ಲಿ ಬರೀತೀನಿ. ಸರ್ಕಾರಿ ವಕೀಲರು ನೋಡಿ ಬಿಡಲೂಬಹುದು."

"ಬರೀರಿ ಮೇಡಂ," ಎಂದ ಕುರೆಮಾತ್ಸು ಏಪ್ರನ್ ಬಿಚ್ಚುತ್ತಾ. "ಹೋಗಿದ್ದು ನಾನೇ, ತೆಗೆದದ್ದೂ ನಾನೇ. ಮೋಟರ್ ಒಂದು ಆರಿಸಿ ಬರ್ತೀನಿ, ಇರಿ."

ಬಂಧನ, ಮಧ್ಯಾಹ್ನ 4.05. ಕೈಕೋಳ ಹಾಕಲಿಲ್ಲ. ಮಾಲನ್ನು ವಶಪಡಿಸಿಕೊಂಡ ಪಂಚನಾಮೆ 4.20ಕ್ಕೆ ಮುಗಿಯಿತು. ಸಂಜೆ 6.10ಕ್ಕೆ ತಗಡುಗಳನ್ನೂ ಸ್ಕ್ರೂಗಳನ್ನೂ ರಸೀದಿ ಬರೆಸಿಕೊಂಡು ತಾತ್ಕಾಲಿಕವಾಗಿ ಒಡೆಯನಿಗೆ ಒಪ್ಪಿಸಲಾಯಿತು. ಭಾನುವಾರಕ್ಕೆ ಇನ್ನೂ ಒಂದು ಇಡೀ ದಿನ ಉಳಿದಿತ್ತು.

ಆಮೇಲೆ ಮಕಿನೊ ವರದಿ ಬರೆಯಲು ಕೂತಳು. ಲಾಭದ ಉದ್ದೇಶ, ಇಲ್ಲ. ಹಗೆ, ಇಲ್ಲ. ಪ್ರೇರಣೆಯ ಜಾಗದಲ್ಲಿ ಎರಡು ಸಲ ಬರೆದು ಹೊಡೆದುಹಾಕಿದಳು. ಮೂರನೆಯ ಸಲ ಬರೆದದ್ದು ಹಾಗೇ ಉಳಿಯಿತು. ಆರೋಪಿಯು ಮಗನ ಗಾಳಿಪಟ ಹಾರಿಸಲು 1958ರ ಮೇ 3ರಂದು ತನ್ನ ಕೆಲಸವನ್ನು ಇಪ್ಪತ್ತೈದು ನಿಮಿಷ ಮುಂಚೆ ಬಿಟ್ಟಿದ್ದನು. 2010ರ ಅಕ್ಟೋಬರ್ 8ರಂದು, ಒಡೆಯನ ಸಮ್ಮುಖದಲ್ಲಿ, ಅದನ್ನು ಪೂರ್ಣಗೊಳಿಸಿದನು.